‘ಕೆಂಪೇಗೌಡರ ವಂಶವಂತೆ’: ಮನೆತನದ ಬೇರನ್ನು ಶಾಸನದ ಕಾಲದವರೆಗೆ ಹುಡುಕುವ ಬಗೆ

ಬೆಂಗಳೂರಿನ ಸುತ್ತಲ ಊರುಗಳಲ್ಲಿ ‘ನಮ್ಮದು ಕೆಂಪೇಗೌಡರ ವಂಶವಂತೆ’ ಎನ್ನುವ ಮನೆಗಳಿಗೆ ಕೊರತೆಯಿಲ್ಲ. ‘ನಮ್ಮ ಹಿರೀಕರು ವಿಜಯನಗರದಲ್ಲಿ ದಳವಾಯಿಗಳಾಗಿದ್ದರಂತೆ’, ‘ಹೊಯ್ಸಳರ ಕಾಲದಲ್ಲೇ ಈ ಊರು ನಮಗೆ ಉಂಬಳಿಯಾಗಿ ಬಂದಿದ್ದಂತೆ’ ಎಂಬ ಮಾತುಗಳೂ ಅಷ್ಟೇ ಸಾಮಾನ್ಯ. ಈ ಮಾತುಗಳ ಕೊನೆಗೆ ಅಂಟಿಕೊಂಡಿರುವ ‘ಅಂತೆ’ಯನ್ನು ಕಳಚಲು ಏನೇನು ಬೇಕು, ಕಳಚಲಾಗದಿದ್ದರೆ ಎಲ್ಲಿ ನಿಲ್ಲಬೇಕು ಎಂಬುದನ್ನು ಇಲ್ಲಿ ಹೇಳಿದ್ದೇವೆ.

ಈ ಹುಡುಕಾಟಕ್ಕೆ ಕೈಹಾಕುವವರಲ್ಲಿ ಹೆಚ್ಚಿನವರು ಮೇಲಿನಿಂದ ಶುರು ಮಾಡುತ್ತಾರೆ. ಎಲ್ಲಿಂದಲೋ ನಾಡಪ್ರಭುಗಳ ವಂಶಾವಳಿ ತಂದು, ಅದರ ಯಾವುದಾದರೂ ಕೊಂಬೆಗೆ ತಮ್ಮ ಮುತ್ತಜ್ಜನ ಹೆಸರನ್ನು ಸಿಕ್ಕಿಸಲು ನೋಡುತ್ತಾರೆ. ಹಾಗೆ ಹೊರಟರೆ ಯಾರನ್ನು ಬೇಕಾದರೂ ಯಾರಿಗೆ ಬೇಕಾದರೂ ಜೋಡಿಸಬಹುದು; ಕೆಂಪಯ್ಯ, ಕೆಂಪಣ್ಣ, ವೀರೇಗೌಡ ಎಂಬ ಹೆಸರುಗಳು ಇಲ್ಲದ ಊರೇ ಇಲ್ಲ. ನಿಮ್ಮಿಂದ ಶುರು ಮಾಡಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಇಂಥವರು ಇಂಥವರ ಮಗ ಅಥವಾ ಮಗಳು ಎಂಬ ಪ್ರತಿ ಕೊಂಡಿಗೂ ಅದರದೇ ಆದ ಆಧಾರ ಬೇಕು. ಮೇಲಿನ ಕೊಂಡಿ ಎಷ್ಟೇ ಗಟ್ಟಿಯಿದ್ದರೂ ಕೆಳಗಿನದು ಸಡಿಲವಿದ್ದರೆ ಅದು ನಿಮ್ಮ ವಂಶವಲ್ಲ, ಇನ್ನೊಬ್ಬರದು.

ಮೊದಲು ಲೆಕ್ಕ

ಗಂಡು ಸಂತತಿಯಲ್ಲಿ ಒಂದು ತಲೆಮಾರಿಗೆ 28 ವರ್ಷ, ಹೆಣ್ಣು ಸಂತತಿಯಲ್ಲಿ 22ರಿಂದ 25 ವರ್ಷ ಎಂದು ಹಿಡಿಯಿರಿ. ಬೆಂಗಳೂರಿನ ಕೋಟೆ ಪೇಟೆ ಕಟ್ಟಿದ್ದು 1537ರಲ್ಲಿ ಎಂಬುದು ವಾಡಿಕೆಯ ಮಾತು. ಕಟ್ಟಿಸಿದ ಹಿರಿಯ ಕೆಂಪೇಗೌಡರು 1510ರ ಆಸುಪಾಸಿನಲ್ಲಿ ಹುಟ್ಟಿದರೆಂದು ಲೆಕ್ಕಕ್ಕೆ ಇಟ್ಟುಕೊಂಡರೆ, 1990ರಲ್ಲಿ ಹುಟ್ಟಿದವರಿಗೂ ಅವರಿಗೂ 480 ವರ್ಷದ ಅಂತರ, ಅಂದರೆ ಸುಮಾರು 17 ತಲೆಮಾರು. ಯಾರಾದರೂ 9 ಹೆಸರಿನ ಪಟ್ಟಿ ತಂದು ‘ಇದೇ ಪೂರ್ತಿ’ ಎಂದರೆ ಒಂದೊಂದು ತಲೆಮಾರಿಗೆ 53 ವರ್ಷ ಬೀಳುತ್ತದೆ. ನಡುವೆ ಹೆಸರುಗಳು ಬಿಟ್ಟುಹೋಗಿವೆ. 30 ಹೆಸರು ಇದ್ದರೆ 16 ವರ್ಷ ಬೀಳುತ್ತದೆ. ಅಲ್ಲಿ ಅಣ್ಣತಮ್ಮಂದಿರನ್ನು ಅಪ್ಪ-ಮಗ ಎಂದು ಬರೆದಿದ್ದಾರೆ. ರಾಜರ ಪಟ್ಟಿಗಳಲ್ಲಿ ಈ ಎರಡನೆಯ ತಪ್ಪು ಹೆಚ್ಚು. ಪಟ್ಟಕ್ಕೆ ಬಂದ ಕ್ರಮ ಬೇರೆ, ಹುಟ್ಟಿದ ಕ್ರಮ ಬೇರೆ. ಹರಿಹರನ ನಂತರ ಬಂದ ಬುಕ್ಕ ಅವನ ತಮ್ಮ. ವೀರನರಸಿಂಹ, ಕೃಷ್ಣದೇವರಾಯ, ಅಚ್ಯುತರಾಯ ಮೂವರೂ ಒಬ್ಬ ತಂದೆಯ ಮಕ್ಕಳು. ಮೂರು ಆಳ್ವಿಕೆ, ಒಂದೇ ತಲೆಮಾರು.

ಇನ್ನೊಂದು ಲೆಕ್ಕವೂ ತಿಳಿದಿರಲಿ. ಪ್ರತಿ ತಲೆಮಾರಿಗೂ ಪೂರ್ವಜರ ಸಂಖ್ಯೆ ಇಮ್ಮಡಿಯಾಗುತ್ತದೆ. 20 ತಲೆಮಾರು ಹಿಂದೆ ಹೋದರೆ 10,48,576 ಜಾಗಗಳು, 30 ತಲೆಮಾರಿಗೆ 107 ಕೋಟಿ ಮೀರುತ್ತದೆ. ಹೊಯ್ಸಳ ವಿಷ್ಣುವರ್ಧನನ ಕಾಲಕ್ಕೆ ಇಡೀ ಭೂಮಿಯ ಮೇಲೆ ಅಷ್ಟು ಜನ ಇರಲಿಲ್ಲ. ಹಾಗಾಗಿ ಒಬ್ಬರೇ ಪೂರ್ವಜರು ನಿಮ್ಮ ಮರದಲ್ಲಿ ಹತ್ತಾರು ಕಡೆ ಬಂದೇ ಬರುತ್ತಾರೆ. ಯುರೋಪಿನಲ್ಲಿ ಇದೇ ತರ್ಕ ಹಿಡಿದು, 814ರಲ್ಲಿ ಸತ್ತ ಶಾರ್ಲಮೇನ್ ಚಕ್ರವರ್ತಿ ಇಂದಿನ ಯುರೋಪಿಯನ್ನರ ಪೈಕಿ ಹೆಚ್ಚುಕಡಿಮೆ ಎಲ್ಲರ ಪೂರ್ವಜ ಎಂದು ಸಂಖ್ಯಾಶಾಸ್ತ್ರಜ್ಞರು ಹೇಳುತ್ತಾರೆ. ಆ ಮಾತನ್ನು ನಮ್ಮಲ್ಲಿಗೆ ಹಾಗೇ ತರಬಾರದು. ಜಾತಿಯೊಳಗೇ, ಅದರಲ್ಲೂ ಸುತ್ತಲ ಕೆಲವೇ ಊರುಗಳೊಳಗೆ ಶತಮಾನಗಳಿಂದ ಮದುವೆ ನಡೆದಿರುವುದರಿಂದ ನಮ್ಮ ಪೂರ್ವಜರು ಒಂದು ಸಣ್ಣ ವಲಯದಲ್ಲೇ ಮತ್ತೆ ಮತ್ತೆ ಸಿಗುತ್ತಾರೆ. ಆ ವಲಯದಲ್ಲಿ ಹೆಸರುವಾಸಿಯಾದವರೊಬ್ಬರಿದ್ದರೆ ನೀವು ಅವರ ಸಂತತಿಯಾಗಿರುವ ಸಾಧ್ಯತೆ ಸಾಕಷ್ಟಿದೆ. ಆ ಸಾಧ್ಯತೆಯನ್ನು ಕಾಗದದ ಮೇಲೆ ತೋರಿಸುವುದೇ ಕಷ್ಟದ ಕೆಲಸ.

ಮರ ಬರೆಯಲು ಸಂಖ್ಯೆಯ ಪದ್ಧತಿ ಬಳಸಿ. ನೀವು 1. ಯಾರದೇ ಸಂಖ್ಯೆಯ ಎರಡರಷ್ಟು ಅವರ ತಂದೆ, ಅದಕ್ಕೆ ಒಂದು ಸೇರಿಸಿದರೆ ತಾಯಿ. ಅಪ್ಪ 2, ಅಮ್ಮ 3, ಅಪ್ಪನ ಅಪ್ಪ 4, ಅಪ್ಪನ ಅಮ್ಮ 5, ಅಮ್ಮನ ಅಪ್ಪ 6, ಅಮ್ಮನ ಅಮ್ಮ 7. ನಮ್ಮ ಸೋದರ ಸಂಬಂಧದ ಮದುವೆಗಳು ಈ ಪದ್ಧತಿಯಲ್ಲಿ ತಕ್ಷಣ ಎದ್ದು ಕಾಣುತ್ತವೆ. ಅಮ್ಮ ತನ್ನ ಸೋದರಮಾವನನ್ನೇ ಮದುವೆಯಾಗಿದ್ದರೆ 4 ಮತ್ತು 14 ಒಬ್ಬರೇ, 5 ಮತ್ತು 15 ಒಬ್ಬರೇ. ಅಪ್ಪ ತನ್ನ ಸೋದರಮಾವನ ಮಗಳನ್ನು ತಂದಿದ್ದರೆ 10, 11 ಮತ್ತು 12, 13 ಒಂದೇ ದಂಪತಿ. ಸೋದರತ್ತೆಯ ಮಗಳಾದರೆ 8, 9 ಮತ್ತು 14, 15. ಇದನ್ನು ಗುರುತಿಸದೆ ಎರಡು ಕಡೆ ಬೇರೆ ಬೇರೆಯಾಗಿ ಹುಡುಕುತ್ತಾ ವರ್ಷ ಕಳೆದವರಿದ್ದಾರೆ.

ಮನೆಯೊಳಗಿನ ದಾಖಲೆ

ಹಿರಿಯರನ್ನು ಕೂರಿಸಿಕೊಂಡು ಕೇಳುವಾಗ ‘ನಿಮ್ಮ ತಾತನ ಹೆಸರೇನು’ ಎಂದು ಶುರು ಮಾಡಬೇಡಿ. ಅಜ್ಜಿಯರ ತವರು ಯಾವುದು, ಹೆಣ್ಣುಮಕ್ಕಳನ್ನು ಯಾವೂರಿಗೆ ಕೊಟ್ಟರು, ಮನೆದೇವರು ಎಲ್ಲಿದೆ, ಮುಡಿ ಎಲ್ಲಿ ಕೊಡುತ್ತಿದ್ದರು, ಯಾವ ಬೆಡಗು (ಕುಲದೊಳಗಿನ ಕವಲು), ಸೂತಕ ಯಾರ್ಯಾರ ಮನೆಗೆ ತಗಲುತ್ತಿತ್ತು ಎಂದು ಕೇಳಿ. ಸೂತಕದ ಪ್ರಶ್ನೆ ಬಹಳ ಉಪಯೋಗದ್ದು; ಇಂದು ಮಾತುಕತೆ ಇಲ್ಲದ ದಾಯಾದಿಗಳ ಮನೆಗಳೂ ಅದರಿಂದ ಹೊರಬರುತ್ತವೆ. ಮನೆದೇವರ ಊರು ಸಾಮಾನ್ಯವಾಗಿ ಮನೆತನ ವಲಸೆ ಬರುವ ಮುಂಚೆ ಇದ್ದ ಕಡೆಯನ್ನು ತೋರಿಸುತ್ತದೆ. ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಹೇಳುವ ಹೆಸರುಗಳನ್ನು ಆ ದಿನವೇ ಬರೆದುಕೊಳ್ಳಿ. ಶ್ರಾದ್ಧ, ತರ್ಪಣ ಮಾಡುವ ಮನೆಗಳಲ್ಲಿ ಅಪ್ಪನ ಕಡೆಯ ಮೂರು ತಲೆಮಾರು, ಅಮ್ಮನ ತವರಿನ ಮೂರು ತಲೆಮಾರು ಮಂತ್ರದಲ್ಲೇ ಉಳಿದಿರುತ್ತವೆ.

ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ, ಘಟನೆ ಕೇಳಿದರೆ ನೆನಪಾಗುತ್ತದೆ. ಬೆಂಗಳೂರಿಗೆ ಪ್ಲೇಗು ಬಂದದ್ದು 1898, ಇನ್‌ಫ್ಲುಯೆಂಜಾ ಬಂದದ್ದು 1918, ಧಾತು-ಈಶ್ವರ ಸಂವತ್ಸರಗಳ ದೊಡ್ಡ ಬರ 1876-78. ಜಾತಕದಲ್ಲಿ ಸಂವತ್ಸರದ ಹೆಸರು ಮಾತ್ರ ಇದ್ದರೆ ಎಚ್ಚರ ಬೇಕು: ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಧಾತು ಎಂದರೆ 1876 ಆಗಬಹುದು, 1936 ಆಗಬಹುದು. ಮೊಮ್ಮಗನಿಗೆ ತಾತನ ಹೆಸರಿಡುವ ಪದ್ಧತಿಯೂ ಇದಕ್ಕೆ ಸೇರಿಕೊಂಡು, ತಾತನ ಜಾತಕ ಮೊಮ್ಮಗನ ಲೆಕ್ಕಕ್ಕೆ ಹೋಗಿಬಿಡುತ್ತದೆ.

ಜಮೀನಿನ ಜಾಡು

ಮನೆಯ ನೆನಪು ನಾಲ್ಕೈದು ತಲೆಮಾರಿಗೆ ಮುಗಿಯುತ್ತದೆ. ಅಲ್ಲಿಂದಾಚೆಗೆ ಕೈಹಿಡಿಯುವುದು ಜಮೀನು. ಪಹಣಿಯಲ್ಲಿ ಹಕ್ಕುದಾರರ ಹೆಸರಿನ ಪಕ್ಕದಲ್ಲಿ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್, ಅಂದರೆ ಹಕ್ಕು ಬದಲಾವಣೆಯ ಪುಸ್ತಕ) ಸಂಖ್ಯೆ ಇರುತ್ತದೆ. ಅದರ ಹಿಂದಿನ ಮ್ಯುಟೇಷನ್ ದಾಖಲೆ ತೆಗೆಸಿದರೆ ಜಮೀನು ಕ್ರಯದಿಂದ ಬಂತೋ ಪೌತಿಯಿಂದ ಬಂತೋ ಗೊತ್ತಾಗುತ್ತದೆ. ಪೌತಿ ಖಾತೆಯಾದರೆ ಸತ್ತವರ ಹೆಸರು, ವಾರಸುದಾರರ ಹೆಸರು, ಸಂಬಂಧ ಎಲ್ಲ ಅಲ್ಲೇ ಇರುತ್ತದೆ. ಭೂಮಿ ತಂತ್ರಾಂಶದಲ್ಲಿ ಸಿಗುವುದು ಗಣಕೀಕರಣದ ನಂತರದ್ದು. ಹಿಂದಿನದಕ್ಕೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್ ಕೇಳಬೇಕು. ಅರ್ಜಿಯಲ್ಲಿ ಊರು, ಹೋಬಳಿ, ಸರ್ವೆ ನಂಬರ್ ಬರೆಯಿರಿ. ‘ನಮ್ಮ ತಾತನ ಜಮೀನಿನ ದಾಖಲೆ’ ಎಂದು ಬರೆದ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳುವುದಾದರೆ ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ.

ಊರು ಬೆಂಗಳೂರಿನೊಳಗೆ ಕರಗಿಹೋಗಿದ್ದರೆ ಪಹಣಿ ಸಿಗದಿರಬಹುದು. ಆಗ ಬಡಾವಣೆಗಾಗಿ ಹೊರಡಿಸಿದ ಭೂಸ್ವಾಧೀನ ಅಧಿಸೂಚನೆ ಹುಡುಕಿ. 1945ರಿಂದ ಸಿಐಟಿಬಿ (ನಗರ ಸುಧಾರಣಾ ಟ್ರಸ್ಟ್ ಮಂಡಳಿ), 1976ರಿಂದ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಹೊರಡಿಸಿದ ಅಧಿಸೂಚನೆಗಳಲ್ಲಿ ಸರ್ವೆ ನಂಬರಿನ ಮುಂದೆ ಖಾತೆದಾರರ ಹೆಸರು, ಅನುಭವದಾರರ ಹೆಸರು ಎರಡನ್ನೂ ಕೊಟ್ಟಿರುತ್ತಾರೆ. ಎರಡೂ ಬೇರೆಯಿದ್ದರೆ ಖಾತೆದಾರರು ಬಹುಮಟ್ಟಿಗೆ ತೀರಿಹೋದ ಹಿಂದಿನ ತಲೆಮಾರಿನವರು.

ಎಲ್ಲಕ್ಕಿಂತ ಹೆಚ್ಚು ಹೆಸರುಗಳು ಸಿಗುವುದು ಜಗಳದ ಕಾಗದದಲ್ಲಿ. ಪಾಲಿನ ದಾವೆ ಹೂಡುವಾಗ ದಾವಾಪತ್ರದ ಜೊತೆ ವಂಶಾವಳಿ ಹಚ್ಚುತ್ತಾರೆ, ಎದುರಾಳಿ ಅದನ್ನು ಒಪ್ಪುತ್ತಾನೆ ಅಥವಾ ತಿದ್ದುತ್ತಾನೆ. ಹಾಗಾಗಿ ಎರಡೂ ಕಡೆಯವರು ಒಪ್ಪಿದ ಭಾಗ ತುಂಬಾ ನಂಬಿಕೆಗೆ ಅರ್ಹ. ಹಳೆಯ ಪಾರೀಕತ್ತು (ಪಾಲುಪತ್ರ), ಕ್ರಯಪತ್ರ, ಭೋಗ್ಯಪತ್ರಗಳೂ ಹಾಗೆಯೇ. ಬರೆದುಕೊಟ್ಟವರ ಹೆಸರಿನ ಜೊತೆ ‘ಇಂಥವರ ಮಗ, ಇಂಥ ಊರಿನಲ್ಲಿರುವ’ ಎಂದಿರುತ್ತದೆ. ಸಾಕ್ಷಿ ಹಾಕಿದವರನ್ನೂ ಬರೆದುಕೊಳ್ಳಿ, ಅವರಲ್ಲಿ ಭಾವನೋ ಬೀಗರೋ ಇದ್ದೇ ಇರುತ್ತಾರೆ. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪ್ರಮಾಣಪತ್ರ ಮಾತ್ರ ಈ ಕೆಲಸಕ್ಕೆ ಹೆಚ್ಚು ಬಾರದು. ಅದು ಇಂದಿನ ಅರ್ಜಿದಾರರ ಪ್ರಮಾಣಪತ್ರ ಮತ್ತು ಸ್ಥಳೀಯ ಹೇಳಿಕೆಯ ಮೇಲೆ ನಿಂತದ್ದು.

ಹೆಬ್ಬಾಗಿಲ ಪೂರ್ವಜ

ಇಷ್ಟಾದರೂ ಬಹುತೇಕ ಮನೆತನಗಳ ಜಾಡು 1850ರ ಸುಮಾರಿಗೆ ನಿಲ್ಲುತ್ತದೆ. ಹಳೆ ಮೈಸೂರಿನಲ್ಲಿ ಕಂದಾಯ ಸರ್ವೆ ಶುರುವಾದದ್ದೇ 1860ರ ದಶಕದಲ್ಲಿ. ಹಾಗಾಗಿ ಗುರಿಯನ್ನು ಸ್ವಲ್ಪ ಬದಲಿಸಿಕೊಳ್ಳಬೇಕು. ಕೆಂಪೇಗೌಡರ ವಂಶವೆಂದು ತೋರಿಸಲು ನೀವು 1537ರವರೆಗೆ ಹೋಗಬೇಕಿಲ್ಲ. ಬೆಂಗಳೂರು 1638ರಲ್ಲಿ ಬಿಜಾಪುರದ ವಶವಾದ ಮೇಲೆ ಆ ಮನೆತನ ಮಾಗಡಿಗೆ ಹೋಯಿತು, 1728ರಲ್ಲಿ ಮಾಗಡಿಯೂ ಸಾವನದುರ್ಗವೂ ಮೈಸೂರಿನ ಕೈಸೇರಿದವು. ಅಲ್ಲಿಯವರೆಗಿನ ಕೊಂಡಿಗಳನ್ನು ಶಾಸನಗಳಿಂದ ಇತಿಹಾಸಕಾರರು ಆಗಲೇ ಹುಡುಕಿದ್ದಾರೆ. ನೀವು ಮುಟ್ಟಬೇಕಾದದ್ದು 1728ರಲ್ಲಿ ಬದುಕಿದ್ದ ಆ ಮನೆತನದ ಒಬ್ಬರನ್ನು. 1960ರಲ್ಲಿ ಹುಟ್ಟಿದವರಿಗೆ ಅದು ಎಂಟು-ಒಂಬತ್ತು ತಲೆಮಾರು. ಹೀಗೆ, ಮುಂದಿನ ದಾರಿ ಆಗಲೇ ತೆರೆದಿರುವ ವ್ಯಕ್ತಿಯನ್ನು ಹೆಬ್ಬಾಗಿಲ ಪೂರ್ವಜ ಎನ್ನೋಣ. ಚಿತ್ರದುರ್ಗದ ನಾಯಕರ ಕಡೆಯವರಾದರೆ ಆ ಬಾಗಿಲು, ಅಂದರೆ ಅವರ ಆಳ್ವಿಕೆ ಮುಗಿದ ವರ್ಷ, 1779, ಕೆಳದಿಯವರಾದರೆ 1763, ದೇವನಹಳ್ಳಿಯ ಪಾಳೆಯಗಾರರಾದರೆ 1749.

ಕೆಂಪೇಗೌಡ ಎಂಬ ಹೆಸರಿನವರು ಆ ಮನೆತನದಲ್ಲಿ ಹಲವರಿದ್ದಾರೆ ಎಂಬುದನ್ನು ಮರೆಯಬೇಡಿ. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ 2015ರಲ್ಲಿ ಗುರುತಿಸಿದ ಸಮಾಧಿ ಹಿರಿಯ ಕೆಂಪೇಗೌಡರದೆಂದು ಹೇಳಲಾಗಿದೆ. ಹಿರಿಯ ಎಂಬ ಮಾತು ಬಂದದ್ದೇ ಕಿರಿಯರು ಇದ್ದದ್ದರಿಂದ. ಮನೆಯಲ್ಲಿ ‘ಕೆಂಪೇಗೌಡರ ವಂಶ’ ಎಂದರೆ ಯಾವ ಕೆಂಪೇಗೌಡ, ಅವರ ಯಾವ ಹೆಂಡತಿಯ ಕಡೆ, ಮಗನಿಂದಲೋ ಮಗಳಿಂದಲೋ ಎಂದು ಕೇಳಿ. ಹೆಣ್ಣಿನ ಕಡೆಯಿಂದ ಬಂದ ಸಂಬಂಧವನ್ನು ಜನ ಕೇಳುವುದೇ ಇಲ್ಲ. ಆಳುವ ಮನೆಯಿಂದ ಹೆಣ್ಣು ತಂದ ಮನೆಗಳ ಸಂಖ್ಯೆ ಆ ಮನೆಯ ಗಂಡು ಸಂತತಿಗಿಂತ ಸಾಮಾನ್ಯವಾಗಿ ಹೆಚ್ಚು, ಆದ್ದರಿಂದ ಹೆಬ್ಬಾಗಿಲು ಸಿಗುವುದೂ ಆ ದಿಕ್ಕಿನಲ್ಲೇ ಹೆಚ್ಚು.

ಮಠಾಧಿಪತಿಗಳ ವಿಷಯದಲ್ಲಿ ಬೇರೆಯೇ ತೊಡಕು. ಮಧ್ವಾಚಾರ್ಯರು, ವಿದ್ಯಾರಣ್ಯರು ಸನ್ಯಾಸಿಗಳು. ಅವರ ಗುರುಪರಂಪರೆ ವಂಶಾವಳಿಯಲ್ಲ. ‘ಅವರ ವಂಶದವರು’ ಎಂದರೆ ಪೂರ್ವಾಶ್ರಮದ ಅಣ್ಣತಮ್ಮಂದಿರ ಸಂತತಿ ಎಂದು ಅರ್ಥವಾಗಬೇಕು, ಮರದಲ್ಲಿ ಅವರನ್ನು ನೇರ ಗೆರೆಯಲ್ಲಿ ಬರೆಯಬಾರದು. ಗೋತ್ರವೂ ಹಾಗೆ: ಅದು ಮದುವೆಯ ನಿಯಮಕ್ಕೆ ಬೇಕಾದದ್ದು, ಅದರಿಂದ ಯಾವ ತಲೆಮಾರೂ ಸಿಗುವುದಿಲ್ಲ.

ಹೆಳವರ ಪುಸ್ತಕ

ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೋ ಗಾಡಿಯಲ್ಲೋ ಗಂಟೆ ಬಾರಿಸುತ್ತಾ ಬಂದು, ಮನೆಯ ಮುಂದೆ ನಿಂತು ಆ ಮನೆತನದ ಮೂಲ ಊರು, ಬೆಡಗು, ಹಿರಿಯರ ಹೆಸರು, ಯಾವ ಊರಿಂದ ಯಾವ ಊರಿಗೆ ಬಂದರು ಎಂಬುದನ್ನೆಲ್ಲ ಹೇಳುವವರು ಹೆಳವರು. ಒಕ್ಕಲಿಗ, ಲಿಂಗಾಯತ, ಕುರುಬ ಮುಂತಾದ ಒಕ್ಕಲುಗಳ ವಂಶಾವಳಿ ಕಾಯುವುದು ಇವರ ಕುಲಕಸುಬು. ಒಂದೊಂದು ಹೆಳವರ ಮನೆಗೂ ಇಂತಿಷ್ಟು ಊರು, ಇಂತಿಷ್ಟು ಮನೆ ಎಂದು ಹಂಚಿಕೆ ಇರುತ್ತದೆ. ನಗರಕ್ಕೆ ಬಂದ ಮನೆಗಳಿಗೆ ಅವರು ಬರುವುದಿಲ್ಲ, ಮೂಲ ಊರಿನಲ್ಲಿ ಉಳಿದ ದಾಯಾದಿಗಳ ಮನೆಗೆ ಬರುತ್ತಾರೆ. ಅಲ್ಲಿ ಹೇಳಿಟ್ಟು ಕಾಯಬೇಕು. ಬಂದಾಗ ಪುಸ್ತಕದ ನಿಮ್ಮ ಮನೆತನದ ಪುಟಗಳ ಫೋಟೊ ತೆಗೆಯಲು ಕೇಳಿ, ಹಾಡಿದ್ದನ್ನು ಪೂರ್ತಿ ಧ್ವನಿಮುದ್ರಿಸಿಕೊಳ್ಳಿ, ಪದ್ಧತಿಯ ಕಾಣಿಕೆ ಕೊಡಿ. ಪುಸ್ತಕ ಸವೆದಾಗ ಹೊಸದಕ್ಕೆ ನಕಲು ಮಾಡುತ್ತಾರೆ, ಆ ನಕಲಿನಲ್ಲಿ ಸಂತತಿ ಇಲ್ಲದ ಕವಲುಗಳನ್ನು ಬಿಡುವುದುಂಟು. ಹೊಗಳಿಕೆಯ ಭಾಗ, ದಾಖಲೆಯ ಭಾಗ ಎರಡನ್ನೂ ಬೇರೆ ಮಾಡಿ ಓದಿ. ಅರಸರು ಬಂದು ಬಿರುದು ಕೊಟ್ಟ ಕಥೆ ಮೊದಲನೆಯದು, ‘ಇಂಥವನಿಗೆ ನಾಲ್ವರು ಮಕ್ಕಳು, ಇಬ್ಬರು ಇಂಥ ಊರಿಗೆ ಹೋದರು’ ಎಂಬುದು ಎರಡನೆಯದು. ಎರಡನೆಯ ಭಾಗ ಪಹಣಿಗೆ ತಾಳೆಯಾಗುತ್ತಾ ಹೋದರೆ ಅದರ ಮೇಲಿನ ತಲೆಮಾರುಗಳಿಗೂ ಬೆಲೆ ಬರುತ್ತದೆ.

ಕಾಶಿ, ಗಯಾ, ಹರಿದ್ವಾರಕ್ಕೆ ಹೋಗಿಬಂದ ಮನೆತನಗಳಿಗೆ ಅಲ್ಲಿನ ಪಂಡರ (ತೀರ್ಥಕ್ಷೇತ್ರದ ಪುರೋಹಿತರ) ಬಹಿಗಳಲ್ಲಿ, ಅಂದರೆ ಯಾತ್ರಿಕರ ಹೆಸರು ಬರೆದಿಡುವ ಪುಸ್ತಕಗಳಲ್ಲಿ, ಹೆಸರು ಸಿಗಬಹುದು. ಊರಿನ ಹೆಸರು ಹೇಳಿದರೆ ನಿಮ್ಮ ಪ್ರದೇಶದವರು ಯಾರೆಂದು ಅವರೇ ತೋರಿಸುತ್ತಾರೆ.

ಕಲ್ಲಿನ ಬರಹ

ಬೆಂಗಳೂರು ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 9ನೆಯ ಸಂಪುಟದಲ್ಲಿವೆ. ಬಿ.ಎಲ್. ರೈಸ್ ಅದನ್ನು ಹೊರತಂದದ್ದು 1905ರಲ್ಲಿ. ಕೋಲಾರದ್ದು 10, ತುಮಕೂರಿನದು 12. ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಶಾಸನಗಳಿಗೆ ತಾಲ್ಲೂಕಿನ ಪ್ರಕಾರ ಸಂಖ್ಯೆ ಕೊಟ್ಟಿದ್ದಾರೆ. ಆ ಕಾಲದ ತಾಲ್ಲೂಕು ಯಾವುದಿತ್ತೆಂದು ನೋಡಿಕೊಳ್ಳಿ. ಯಲಹಂಕ, ಕೆಂಗೇರಿ ಕಡೆಯ ಊರುಗಳನ್ನು ಬೆಂಗಳೂರು ತಾಲ್ಲೂಕಿನಲ್ಲೂ, ಕನಕಪುರವನ್ನು ಕಾನಕಾನಹಳ್ಳಿ ಎಂಬ ಹೆಸರಿನಲ್ಲೂ ಹುಡುಕಬೇಕು. ರೈಸ್ ನಂತರ ಸಿಕ್ಕ ಶಾಸನಗಳು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿವೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಕಲ್ಲು ಸವೆದು ಅಕ್ಷರ ಮಾಸಿದ ಕಡೆ ಹಳೆಯ ಪಾಠಕ್ಕಿಂತ ಆ ಸ್ಕ್ಯಾನ್ ಹೆಚ್ಚು ನೆರವಾಗುತ್ತದೆ.

ಊರಲ್ಲೇ ಇರುವ ಕಲ್ಲನ್ನು ನೋಡಲು ಹೋದರೆ ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ನಂತರ ಹೋಗಿ. ನೆತ್ತಿಯ ಬಿಸಿಲಿನಲ್ಲಿ ಅಕ್ಷರದ ನೆರಳು ಬೀಳುವುದಿಲ್ಲ. ಮೋಡವಿದ್ದರೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಾಗುವಂತೆ ಹಿಡಿದು, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ, ಒಮ್ಮೆ ಮೇಲಿನಿಂದ ಬೆಳಕು ಬಿಟ್ಟು ಮೂರು ಫೋಟೊ ತೆಗೆಯಿರಿ. ‘ಗ’ ಮತ್ತು ‘ಶ’, ‘ವ’ ಮತ್ತು ‘ಪ’ ಒಂದು ಬೆಳಕಿನಲ್ಲಿ ಒಂದೇ ಥರ ಕಂಡು ಇನ್ನೊಂದರಲ್ಲಿ ಬೇರೆಯಾಗುತ್ತವೆ. ಧೂಳಿದ್ದರೆ ಬರೀ ನೀರು, ಮೆತ್ತನೆಯ ಬ್ರಷ್ ಸಾಕು. ಸೀಮೆಸುಣ್ಣ, ಬಣ್ಣ, ಆಸಿಡ್, ತಂತಿ ಬ್ರಷ್ ಮುಟ್ಟಿಸಬೇಡಿ. ಎಣ್ಣೆ ಹಚ್ಚಿದರೆ ಆ ಕ್ಷಣಕ್ಕೆ ಅಕ್ಷರ ಮೂಡಿದಂತೆ ಕಂಡರೂ ಧೂಳು ಕೂತು ಮುಂದೆ ಯಾರೂ ಓದಲಾಗದಂತೆ ಆಗುತ್ತದೆ.

ಕಾಲ ತೂಗಿ ನೋಡುವ ಲೆಕ್ಕ ಹೀಗಿದೆ. ಶಕ ವರ್ಷಕ್ಕೆ 78 ಸೇರಿಸಿದರೆ ಇಸವಿ, ಜನವರಿಯಿಂದ ಯುಗಾದಿಯೊಳಗಿನ ದಿನಗಳಿಗೆ 79. ಸಂವತ್ಸರ ತಾಳೆ ನೋಡಲು ಶಕಕ್ಕೆ 12 ಸೇರಿಸಿ 60ರಿಂದ ಭಾಗಿಸಿ. ಉಳಿದ ಸಂಖ್ಯೆ ಪ್ರಭವದಿಂದ ಎಣಿಸಿದ ಕ್ರಮ, ಏನೂ ಉಳಿಯದಿದ್ದರೆ ಅಕ್ಷಯ. ಶಕ 1459ಕ್ಕೆ 12 ಸೇರಿಸಿದರೆ 1471, ಭಾಗಿಸಿದರೆ 31 ಉಳಿಯುತ್ತದೆ, ಅದು ಹೇವಿಳಂಬಿ. ಕಲ್ಲಿನಲ್ಲಿ ಶಕವೂ ಸಂವತ್ಸರವೂ ಒಂದು ವರ್ಷದಷ್ಟು ತಪ್ಪಿದರೆ ಎಣಿಕೆಯ ಪದ್ಧತಿಯ ವ್ಯತ್ಯಾಸ. ಹತ್ತಿಪ್ಪತ್ತು ವರ್ಷ ತಪ್ಪಿದರೆ ಅಂಕಿಯನ್ನು ತಪ್ಪಾಗಿ ಓದಿದ್ದಾರೆ, ಇಲ್ಲವೇ ಶಾಸನವೇ ಆಮೇಲೆ ಹುಟ್ಟಿದ್ದು. ತಾಮ್ರಪಟಗಳಲ್ಲಿ ಈ ಅನುಮಾನ ಯಾವಾಗಲೂ ಇರಲಿ. ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಶಾಸನತಜ್ಞ ಜೆ.ಎಫ್. ಫ್ಲೀಟ್ ಕೂಟಶಾಸನ, ಅಂದರೆ ಖೋಟಾ ಶಾಸನಗಳೆಂದು ತಳ್ಳಿಹಾಕಿದರು. ಭೂಮಿಯ ಹಕ್ಕು ಸಾಧಿಸಲೆಂದೇ ಅಂಥವು ಹುಟ್ಟುತ್ತಿದ್ದವು.

ಸಂಬಂಧಸೂಚಕ ಪದಗಳನ್ನು ಇಂದಿನ ಅರ್ಥದಲ್ಲಿ ಓದಬೇಡಿ. ‘ಅಳಿಯ’ ಎಂದರೆ ಮಗಳ ಗಂಡನೂ ಹೌದು, ಅಕ್ಕತಂಗಿಯ ಮಗನೂ ಹೌದು. ‘ಗಾವುಂಡ’ ಗೌಡನಾಯಿತು, ‘ಸೇನಬೋವ’ ಶಾನುಭೋಗನಾಯಿತು. ಇವು ಹುದ್ದೆಯ ಹೆಸರು, ಮನೆತನದ್ದಲ್ಲ. ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ಬಳಿ (ಕುಲದ ಕವಲು) ತಾಯಿಯಿಂದ ಬರುತ್ತದೆ, ಹಾಗಾಗಿ ಅಲ್ಲಿ ಆಸ್ತಿಯ ಜಾಡು ಹಿಡಿದರೆ ಅಪ್ಪನ ಕಡೆಗೆ ಹೋಗುವುದಿಲ್ಲ.

ಕಲ್ಲನ್ನೂ ಮನೆಯನ್ನೂ ಸೇರಿಸುವುದು

ಊರಿನಲ್ಲಿ ವೀರಗಲ್ಲು ಇದೆ, ಅದರಲ್ಲಿ ಒಬ್ಬ ಗಾವುಂಡನ ಹೆಸರಿದೆ, ನಾವೂ ಅದೇ ಊರಿನ ಗೌಡರು. ಇಷ್ಟರಿಂದ ವಂಶ ಸಿದ್ಧವಾಗುವುದಿಲ್ಲ. ಹೆಬ್ಬಾಳದಲ್ಲಿ ಸಿಕ್ಕ ಕಿಟ್ಟಯ್ಯನ ವೀರಗಲ್ಲು ಸುಮಾರು 750ರದು, ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನ. ಕಿಟ್ಟಯ್ಯನಿಂದ ಇಂದಿನವರೆಗೆ 45 ತಲೆಮಾರು. ನಡುವಿನದನ್ನು ತುಂಬುವ ಒಂದು ಚೂರು ದಾಖಲೆಯೂ ಇಲ್ಲದಿದ್ದರೆ ಆ ಹೆಸರನ್ನು ಊರಿನ ಹಿರಿಯನೆಂದು ಗೌರವಿಸಬಹುದು, ಮರದಲ್ಲಿ ಬರೆಯಲಾಗದು.

ನಡುವಿನದನ್ನು ತುಂಬಬಲ್ಲದ್ದು ಒಂದೇ: ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದ ಮಾನ್ಯ, ಅಂದರೆ ಸೇವೆಗಾಗಿ ಬಿಟ್ಟುಕೊಟ್ಟ ಜಮೀನು. ಯುದ್ಧದಲ್ಲಿ ಸತ್ತವನ ಮನೆಗೆ ಕೊಟ್ಟ ನೆತ್ತರುಗೊಡಗೆ, ಕೆರೆ ಕಟ್ಟಿದವನಿಗೆ ಕೊಟ್ಟ ಕಟ್ಟುಕೊಡಗಿ, ಅಗ್ರಹಾರದ ವೃತ್ತಿ, ದೇವಸ್ಥಾನದ ಪೂಜೆಯ ಮಾನ್ಯ, ನೀರಗಂಟಿಯ, ತೋಟಿಯ, ತಳವಾರನ ಇನಾಂ. ಶಾಸನದಲ್ಲಿ ‘ಇಂಥ ಕೆರೆಯ ಕೆಳಗೆ, ಇಂಥ ಹಳ್ಳದ ಬಡಗಲು, ಇಷ್ಟು ಕೊಳಗ ಗದ್ದೆ’ ಎಂದು ಎಲ್ಲೆ ಹೇಳಿರುತ್ತಾರೆ. ಹಳೆಯ ಗ್ರಾಮ ನಕಾಶೆ ಎದುರಿಗಿಟ್ಟುಕೊಂಡು ಆ ಎಲ್ಲೆ ಯಾವ ಸರ್ವೆ ನಂಬರಿಗೆ ಬೀಳುತ್ತದೆ ನೋಡಿ. ಆ ನಂಬರು 1954ರ ಇನಾಂ ರದ್ದತಿ ಕಾನೂನು ಬಂದಾಗ ಯಾರ ಇನಾಮಾಗಿತ್ತು ಎಂದು ಹುಡುಕಿ. ನಿಮ್ಮ ಮನೆತನದ್ದೇ ಆಗಿದ್ದು, ನಡುವೆ ಒಂದೆರಡು ಸನ್ನದು ಅಥವಾ ಕಡತದ ಉಲ್ಲೇಖವೂ ಸಿಕ್ಕರೆ, ಶಾಸನದ ದಾನ ಪಡೆದವನಿಗೂ ನಿಮಗೂ ಇರುವ ಸಂಬಂಧ ಗಟ್ಟಿಯಾಗುತ್ತದೆ. ತಲೆಮಾರಿನ ಹೆಸರುಗಳೆಲ್ಲ ಸಿಗದಿದ್ದರೂ ಮನೆತನ ಒಂದೇ ಎನ್ನಬಹುದು.

ಇನಾಂ ಕಡತಗಳನ್ನು ಕೇಳುವಾಗ ಎರಡು ಕಾನೂನು ನೆನಪಿರಲಿ. ವೈಯಕ್ತಿಕ ಇನಾಮುಗಳಿಗೆ 1954ರದು, ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿ ಮುಂತಾದ ಗ್ರಾಮ ಹುದ್ದೆಗಳಿಗೆ 1961ರದು. ಎರಡನೆಯದರ ಅಡಿಯಲ್ಲಿ ಜಮೀನನ್ನು ಹಳೆಯ ಹುದ್ದೆದಾರರಿಗೇ ಮರುಮಂಜೂರು ಮಾಡುವಾಗ ‘ನಮ್ಮ ಹಿರಿಯರಿಂದ ಬಂದ ಹುದ್ದೆ’ ಎಂದು ತೋರಿಸಬೇಕಿತ್ತು. ಬೇರೆ ಯಾವ ಕಾಗದದಲ್ಲೂ ಹೆಸರು ಕಾಣಿಸದ ತೋಟಿ, ತಳವಾರ ಮನೆತನಗಳ ನಾಲ್ಕು ತಲೆಮಾರು ಈ ಕಡತಗಳಲ್ಲಿ ಸಿಗುತ್ತದೆ. ರಾಜಮನೆತನದ ಕಥೆಗಳ ಬೆನ್ನು ಹತ್ತಿದವರು ಈ ಕಟ್ಟುಗಳನ್ನು ಬಿಚ್ಚುವುದೇ ಇಲ್ಲ, ಅದು ದೊಡ್ಡ ನಷ್ಟ. ಶಾನುಭೋಗರ ಮನೆಗಳಲ್ಲಿ ಉಳಿದ ಕಡತಗಳೂ ಹಾಗೆಯೇ: ಹುಣಿಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದವು. ಒರೆಸಿದರೆ ಅಳಿಸಿಹೋಗುತ್ತವೆ, ಮಡಿಕೆ ಬಿಡಿಸುವ ಮುಂಚೆ ಫೋಟೊ ತೆಗೆದು, ಒಣ ಕೈಯಲ್ಲಿ ಅಂಚು ಹಿಡಿದು ತೆರೆಯಬೇಕು. ಕೆಲವು ಮೋಡಿ ಎಂಬ ಹಳೆಯ ಕೂಡುಬರಹದ ಅಕ್ಷರದಲ್ಲಿರುತ್ತವೆ, ಓದಲು ತಿಳಿದವರ ನೆರವು ಬೇಕು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ನಡೆಸುವ ಶಾಸನಶಾಸ್ತ್ರದ ತರಗತಿ ಕಲ್ಲಿನ ಅಕ್ಷರಗಳನ್ನು ನೀವೇ ಓದುವಷ್ಟು ಕಲಿಸುತ್ತದೆ.

ಜಾಡು ತಪ್ಪುವ ಕಡೆಗಳು

ದತ್ತು. ಕಾಗದದಲ್ಲಿ ಮಗನೆಂದೇ ಇರುತ್ತದೆ. ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಮುಮ್ಮಡಿ ಕೃಷ್ಣರಾಜರ ದತ್ತುಪುತ್ರರು. ಅರಮನೆಯಲ್ಲೇ ಹಾಗಿದ್ದ ಮೇಲೆ ಊರಮನೆಗಳಲ್ಲಿ ಕೇಳಬೇಕೆ. ಮನೆಅಳಿಯತನ ಇನ್ನೊಂದು: ಗಂಡುಮಕ್ಕಳಿಲ್ಲದ ಮನೆಗೆ ಬಂದ ಅಳಿಯನಿಗೆ ಗೌಡಿಕೆಯೂ ಜಮೀನೂ ಹೋಗುತ್ತದೆ, ಎರಡು ತಲೆಮಾರು ಕಳೆದ ಮೇಲೆ ಅವನನ್ನು ಮಗನೆಂದೇ ಬರೆಯುತ್ತಾರೆ. ಸಂತತಿ ಅಲ್ಲೂ ಮುಂದುವರಿಯುತ್ತದೆ, ಆದರೆ ಮಗಳ ಮೂಲಕ. ಮೂರನೆಯದು ಎರಡು ಮದುವೆ. ಹಿರಿ ಹೆಂಡತಿ, ಕಿರಿ ಹೆಂಡತಿಯ ಮಕ್ಕಳು ಬೆರೆತುಹೋಗಿ ತಾಯಿಯ ಕಡೆಯ ಅರ್ಧ ಮರ ತಪ್ಪಾಗುತ್ತದೆ. ಮಗನ ಹುಟ್ಟಿದ ವರ್ಷಕ್ಕೂ ತಾಯಿಯ ವಯಸ್ಸಿಗೂ ತಾಳೆ ನೋಡಿ: 12ಕ್ಕಿಂತ ಕಡಿಮೆ, 50ಕ್ಕಿಂತ ಹೆಚ್ಚು ಬಂದರೆ ಯಾರೋ ಬೆರೆತಿದ್ದಾರೆ.

ಕೈಫಿಯತ್ತುಗಳನ್ನು, ಅಂದರೆ ಊರಿನವರು ಹೇಳಿ ಬರೆಸಿದ ವೃತ್ತಾಂತಗಳನ್ನು, ಓದುವಾಗಲೂ ಅವುಗಳ ಹುಟ್ಟು ಗೊತ್ತಿರಲಿ. ಬ್ರಿಟಿಷ್ ಸರ್ವೆ ಅಧಿಕಾರಿ ಕಾಲಿನ್ ಮೆಕೆಂಜಿ 1800ರ ಸುಮಾರಿಗೆ ಊರೂರಿನಿಂದ ಬರೆಸಿಕೊಂಡ ವಿವರಗಳಲ್ಲಿ ಹಳೆಯ ಪಾಳೆಯಗಾರರ ಮನೆತನಗಳು ಹೊಸ ಸರ್ಕಾರದ ಮುಂದೆ ತಮ್ಮ ಹಕ್ಕು ಹೇಳಿಕೊಳ್ಳುತ್ತಿದ್ದವು. ಆಗ ಬದುಕಿದ್ದವರ, ಅವರ ಅಪ್ಪ-ತಾತಂದಿರ ಬಗ್ಗೆ ಬರೆದದ್ದನ್ನು ಧಾರಾಳವಾಗಿ ಬಳಸಿ. ಮೂಲಪುರುಷ ಕಂಚಿಯಿಂದ ಬಂದ, ನಿಧಿ ಸಿಕ್ಕಿತು ಎಂಬ ಭಾಗ ಮನೆಮನೆಗೂ ಒಂದೇ ಇರುತ್ತದೆ.

ಡಿಎನ್‌ಎ ಪರೀಕ್ಷೆಯಿಂದ ಮಧ್ಯಯುಗದ ಪೂರ್ವಜರು ಸಿಗುವುದಿಲ್ಲ. 15 ತಲೆಮಾರು ಹಿಂದಿನ 32,768 ಜಾಗಗಳಲ್ಲಿ ನಿಮ್ಮ ವರ್ಣತಂತುಗಳಿಗೆ ಏನಾದರೂ ಕೊಟ್ಟವರು ಹೆಚ್ಚೆಂದರೆ ಸುಮಾರು ಸಾವಿರ. ಹೋಲಿಸಲು ಆ ಕಾಲದ ವ್ಯಕ್ತಿಯದೇ ಅವಶೇಷವೂ ಬೇಕು. ಇಂಗ್ಲೆಂಡಿನ ಮೂರನೆಯ ರಿಚರ್ಡನ ಎಲುಬುಗಳು 2012ರಲ್ಲಿ ಲೆಸ್ಟರಿನಲ್ಲಿ ಸಿಕ್ಕಾಗ ಅವನ ಅಕ್ಕನ ಹೆಣ್ಣು ಸಂತತಿಯವರ ಡಿಎನ್‌ಎ ಹೊಂದಿತು, ಗಂಡು ಸಂತತಿಯೆಂದು ಕಾಗದದಲ್ಲಿದ್ದವರದು ಹೊಂದಲಿಲ್ಲ. ಅಷ್ಟು ಚೆನ್ನಾಗಿ ದಾಖಲಾದ ರಾಜಮನೆತನದಲ್ಲೇ ಎಲ್ಲೋ ಒಂದು ಕೊಂಡಿ ಕಾಗದ ಹೇಳಿದಂತೆ ಇರಲಿಲ್ಲ. ಡಿಎನ್‌ಎ ಉಪಯೋಗಕ್ಕೆ ಬರುವುದು ಹತ್ತಿರದ ನಾಲ್ಕೈದು ತಲೆಮಾರಿಗೆ: ಎರಡು ಮನೆಗಳವರು ನಿಜವಾಗಿ ದಾಯಾದಿಗಳೇ ಎಂದು ತಿಳಿಯಲು.

ದಂಡಿನ ಪ್ರದೇಶದ ಆಂಗ್ಲೋ ಇಂಡಿಯನ್ ಮನೆತನಗಳ ದಾರಿ ಬೇರೆ. ಅವರಿಗೆ 1808ರ ಸೇಂಟ್ ಮಾರ್ಕ್ಸ್‌ನಂಥ ಚರ್ಚುಗಳ ದೀಕ್ಷಾಸ್ನಾನ, ಮದುವೆಯ ದಾಖಲೆ ಪುಸ್ತಕಗಳಿವೆ, ಅವುಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಲ್ಲಿಂದ ಯುರೋಪಿನ ಕುಲೀನ ಮನೆತನವೊಂದು ಸಿಕ್ಕರೆ ಮೂರನೆಯ ಎಡ್ವರ್ಡ್ ದೊರೆಯವರೆಗೂ ದಾರಿ ಆಗಲೇ ಹುಡುಕಿಟ್ಟಿರುತ್ತದೆ. ಆನ್‌ಲೈನ್ ಮರಗಳಲ್ಲಿ ಹೆಸರು ಸಿಕ್ಕಿತೆಂದು ನಕಲು ಮಾಡಿಕೊಳ್ಳಬೇಡಿ. ವಿಕಿಟ್ರೀ ಎಂಬ ವಂಶವೃಕ್ಷದ ಜಾಲತಾಣದಲ್ಲಿ 1500ಕ್ಕೆ ಮುಂಚಿನವರ ಪುಟ ತಿದ್ದಲು ಪ್ರತ್ಯೇಕ ಅರ್ಹತೆ ಕೇಳುವುದೇ ಅಂಥ ನಕಲುಗಳ ಕಾಟದಿಂದ.

ಬರೆದಿಡುವುದು

ಗ್ರಾಂಪ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಕನ್ನಡದಲ್ಲೇ ಹೆಸರು ತುಂಬಬಹುದು. ಪ್ರತಿ ಕೊಂಡಿಗೂ ಮೂರರಲ್ಲಿ ಒಂದು ಗುರುತು ಹಾಕಿ: ಆ ಕಾಲದ್ದೇ ದಾಖಲೆ ಇದ್ದರೆ ಖಚಿತ, ಎರಡು ಪರೋಕ್ಷ ಆಧಾರ ಇದ್ದರೆ ಸಂಭವ, ಬಾಯಿಮಾತು ಮಾತ್ರ ಇದ್ದರೆ ಅಂತೆ. ಒಂದೊಂದು ಕೊಂಡಿಯೂ ನೂರಕ್ಕೆ 90ರಷ್ಟು ನಂಬಿಕೆಯದೇ ಆದರೂ ಅಂಥ 15 ಕೊಂಡಿಗಳು ಸಾಲಾಗಿ ಸರಿಯಿರುವ ಸಾಧ್ಯತೆ ನೂರಕ್ಕೆ 20ರಷ್ಟು ಮಾತ್ರ. ಆದ್ದರಿಂದ ‘ಸಂಭವ’ವನ್ನು ‘ಖಚಿತ’ ಮಾಡಲು ಕಳೆದ ಒಂದು ದಿನ, ಹೊಸ ಹೆಸರು ಹುಡುಕಲು ಕಳೆದ ಹತ್ತು ದಿನಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಬದುಕಿರುವವರ ಹುಟ್ಟಿದ ದಿನ, ವಿಳಾಸಗಳನ್ನು ಹಂಚುವ ಪ್ರತಿಯಲ್ಲಿ ಸೇರಿಸಬೇಡಿ.

ಮನೆತನದ ಕೊನೆಯ ಖಚಿತ ಹೆಸರಿಗೂ ಕಲ್ಲಿನ ಮೇಲಿನ ಹೆಸರಿಗೂ ನಡುವೆ ತುಂಬಲಾಗದ ಜಾಗ ಉಳಿದರೆ ಅಲ್ಲಿ ಚುಕ್ಕಿಗೆರೆ ಎಳೆಯಿರಿ. ಆ ಗೆರೆಯ ಪಕ್ಕದಲ್ಲಿ ಯಾವ ಕಚೇರಿಯಲ್ಲಿ, ಯಾವ ದಿನ, ಯಾವ ಕಟ್ಟು ನೋಡಿದಿರಿ ಎಂದು ಬರೆಯಿರಿ, ಏನೂ ಸಿಗದ ಕಟ್ಟುಗಳನ್ನೂ ಬಿಡದೆ. ಮುಂದೆ ಮನೆಯ ಇನ್ನೊಬ್ಬರು ಕೈಹಾಕಿದಾಗ ಅದೇ ರೆಕಾರ್ಡ್ ರೂಮಿನಲ್ಲಿ ಅದೇ ಕಟ್ಟನ್ನು ಮತ್ತೆ ಬಿಚ್ಚುವುದು ತಪ್ಪುತ್ತದೆ.